ಡಿಲೀಟ್ ಆದ ಫೋಟೋ ಮತ್ತೆ ಸಿಕ್ಕೀತೇ?

‘ಸ್ಟೋರೇಜ್ ಫುಲ್’ ಅಂತ ಮೊಬೈಲ್ ಹಟ ಹಿಡಿದಾಗ ನಾವು ಮಾಡುವುದೇನು? ಕೈಗೆ ಸಿಕ್ಕಿದ್ದನ್ನೆಲ್ಲ ಅಳಿಸುತ್ತಾ ಕೂರುವುದು. ಗೌರಿ ಹಬ್ಬದ ಹಿಂದಿನ ದಿನ ನಾನೂ ಅದನ್ನೇ ಮಾಡಿದೆ. ಹಬ್ಬ ಮುಗಿಸಿ ನೋಡಿದರೆ, ತೀರಿಹೋದ ಅಮ್ಮನ ಫೋಟೋಗಳಿಲ್ಲ, ಅವಳು ಹಾಡಿದ್ದ ಆರತಿ ಹಾಡಿನ ರೆಕಾರ್ಡಿಂಗೂ ಇಲ್ಲ! ಎದೆ ಧಸಕ್ಕೆಂದಿತು.

ಸುದ್ದಗುಂಟೆಪಾಳ್ಯದ ನಮ್ಮ ಮನೆ ಹತ್ತಿರದ ಮೊಬೈಲ್ ಅಂಗಡಿಗೆ ಓಡಿದೆ. ‘ಫೋನು, ಲಾಕ್ ನಂಬರ್ ಎರಡೂ ಕೊಟ್ಟು ಹೋಗಿ ಮೇಡಂ, ಸಂಜೆ ನೋಡೋಣ’ ಅಂದರು. ಬ್ಯಾಂಕಿನ ವಿವರ, ಮಕ್ಕಳ ಫೋಟೋ ಎಲ್ಲ ಇರುವ ಫೋನನ್ನು ಹಾಗೆ ಬಿಟ್ಟುಬರಲು ಮನಸ್ಸಾಗಲಿಲ್ಲ. ಮನೆಗೆ ಬಂದು ಅಕ್ಕನ ಮಗನನ್ನು ಕರೆದೆ. ಅವನಿಂದ ಕಲಿತದ್ದು ನಿಮಗೂ ಉಪಯೋಗವಾದೀತು.

ಮೊದಲು ಕಸದ ಬುಟ್ಟಿ ನೋಡಿ

ಅಳಿಸಿದ ಫೋಟೋ ತಕ್ಷಣ ಹೋಗಿಬಿಡುವುದಿಲ್ಲ. ಗೂಗಲ್ ಫೋಟೋಸ್‌ನ ‘ಬಿನ್’ ಅಥವಾ ‘ಟ್ರ್ಯಾಶ್’ನಲ್ಲಿ ಬ್ಯಾಕಪ್ ಆದದ್ದು 60 ದಿನ, ಆಗದ್ದು 30 ದಿನ ಇರುತ್ತದೆ. ಐಫೋನ್‌ನಲ್ಲಿ ‘ರೀಸೆಂಟ್ಲಿ ಡಿಲೀಟೆಡ್’ ಎಂಬಲ್ಲಿ 30 ದಿನ. ಫೋಟೋ ಆರಿಸಿ ‘ರಿಸ್ಟೋರ್’ ಅಥವಾ ‘ರಿಕವರ್’ ಒತ್ತಿದರೆ ಸಾಕು. ಅಮ್ಮನ ಫೋಟೋಗಳು ನನಗೆ ಸಿಕ್ಕಿದ್ದು ಇಲ್ಲೇ. ಬುಟ್ಟಿಯಲ್ಲಿ ಇಲ್ಲದಿದ್ದರೆ ಅಕ್ಕತಂಗಿಯರನ್ನು ಕೇಳಿ. ನೀವು ಎಂದೋ ವಾಟ್ಸಾಪ್‌ನಲ್ಲಿ ಕಳಿಸಿದ್ದು ಅವರ ಫೋನಲ್ಲಿ ಇರಬಹುದು.

ಮೆಮೊರಿ ಕಾರ್ಡ್‌ನಲ್ಲಿತ್ತೇ?

ಹಾಗಾದರೆ ಕಾರ್ಡನ್ನು ತಕ್ಷಣ ಹೊರತೆಗೆಯಿರಿ. ಅಳಿಸುವುದೆಂದರೆ ಡಬ್ಬಿಯ ಮೇಲಿನ ಚೀಟಿ ಕಿತ್ತ ಹಾಗೆ. ಬೇರೆ ಸಾಮಾನು ಸುರಿಯುವ ತನಕ ಒಳಗಿನ ಬೇಳೆ ಅಲ್ಲೇ ಇರುತ್ತದೆ. ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ‘ಫೋಟೋರೆಕ್’ ಎಂಬ ಉಚಿತ ತಂತ್ರಾಂಶದಿಂದ ಹುಡುಕಬಹುದು. ಸಿಕ್ಕಿದ್ದನ್ನು ಅದೇ ಕಾರ್ಡಿಗೆ ಹಾಕದೆ ಕಂಪ್ಯೂಟರಿನಲ್ಲೇ ಉಳಿಸಿಕೊಳ್ಳಿ.

ಫೋನಿನ ಒಳ ಮೆಮೊರಿಯ ಕಥೆ ಬೇರೆ. ಈಗಿನ ಫೋನುಗಳು ಎಲ್ಲವನ್ನೂ ಬೀಗ ಹಾಕಿದಂತೆ ಗೂಢಲಿಪಿಯಲ್ಲಿ ಇಡುತ್ತವೆ. ಬುಟ್ಟಿಯಿಂದಲೂ ಹೋದ ಮೇಲೆ ಮರಳಿ ಸಿಗುವುದು ಬಲು ಕಷ್ಟ. ‘ಎಲ್ಲಾ ವಾಪಸ್ ತರುತ್ತೇವೆ’ ಎನ್ನುವ ಆ್ಯಪ್‌ಗಳಿಗೆ ದುಡ್ಡು ಸುರಿಯಬೇಡಿ.

ಇನ್ನು ಮುಂದೆ...

* ಜಾಗ ಬೇಕಾದಾಗ ಒಂದೊಂದೇ ಡಿಲೀಟ್ ಮಾಡುವ ಬದಲು ಗೂಗಲ್ ಫೋಟೋಸ್‌ನ ‘ಫ್ರೀ ಅಪ್ ಸ್ಪೇಸ್’ ಬಳಸಿ. ಬ್ಯಾಕಪ್ ಆದದ್ದನ್ನು ಮಾತ್ರ ಅದು ಫೋನಿನಿಂದ ತೆಗೆಯುತ್ತದೆ.
* ಗೂಗಲ್ ಖಾತೆಯಲ್ಲಿ ಉಚಿತ ಜಾಗ 15 ಜಿಬಿ. ಜಿಮೇಲ್‌ಗೂ ಅದೇ ಜಾಗ. ತುಂಬಿದರೆ ಬ್ಯಾಕಪ್ ನಿಲ್ಲುತ್ತದೆ.
* ಹಿರಿಯರ ದನಿ, ಮಕ್ಕಳ ತೊದಲು ಮಾತು ಇವನ್ನು ಪೆನ್‌ಡ್ರೈವ್‌ನಲ್ಲೂ ಇಡಿ.

ಅಮ್ಮನ ಹಾಡು? ಅದು ಕಾರ್ಡ್‌ನಲ್ಲಿತ್ತು. ಅಳಿಸಿದ ಮೇಲೆ ಅದೇ ಕಾರ್ಡಿಗೆ ಹಬ್ಬದ ಫೋಟೋಗಳನ್ನೆಲ್ಲ ತುಂಬಿದ್ದೆನಲ್ಲ! ಫೈಲ್ ಸಿಕ್ಕಿತು, ಹಾಡು ಹೊರಡಲಿಲ್ಲ. ಈಗ ಆ ಹಾಡನ್ನು ನೆನಪಿದ್ದಷ್ಟು ನಾನೇ ಹಾಡಿ ರೆಕಾರ್ಡ್ ಮಾಡಿಟ್ಟಿದ್ದೇನೆ, ಎರಡು ಕಡೆ. ನಿಮ್ಮ ಅಮ್ಮನ ದನಿ ಫೋನಲ್ಲಿದ್ದರೆ, ಇವತ್ತೇ ಒಂದು ನಕಲು ತೆಗೆದಿಡಿ.