ಕಾರವಾರದ ಮಂಗಟ್ಟೆ, ಒಂದು ರೂಪಾಯಿ ಚೀಟಿ

1983ರ ಸೆಪ್ಟೆಂಬರ್ 15ರಂದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ನೂರು ತುಂಬಿತು. ಅಂಚೆ ಇಲಾಖೆ ಅದರ ನೆನಪಿಗೆ ಒಂದು ರೂಪಾಯಿಯ ಚೀಟಿ ಹೊರತಂದಿತು. ಅದರ ಮೇಲಿರುವುದು ಮಂಗಟ್ಟೆ ಹಕ್ಕಿ. ಸೊಸೈಟಿಯ ಲಾಂಛನವೂ ಮಂಗಟ್ಟೆಯೇ, ಆ ಲಾಂಛನಕ್ಕೆ ಕಾರಣವಾದ ಹಕ್ಕಿ ಮುಂಬೈಗೆ ಹೋದದ್ದು ನಮ್ಮ ಕಾರವಾರದಿಂದ. 1894ರಲ್ಲಿ, ಮೂರು ತಿಂಗಳ ಮರಿಯಾಗಿದ್ದಾಗಲೇ, ಕಾರವಾರದಲ್ಲಿದ್ದ ಇಂಗಲ್ ಎಂಬವರು ಅದನ್ನು ಸೊಸೈಟಿಗೆ ಕೊಟ್ಟರು. ಅಲ್ಲಿ ಅದಕ್ಕೆ ವಿಲಿಯಂ ಎಂದು ಹೆಸರಾಯಿತು. ದೂರದಿಂದ ಎಸೆದ ಟೆನಿಸ್ ಚೆಂಡನ್ನು ಕೊಕ್ಕಿನಲ್ಲೇ ಹಿಡಿಯುತ್ತಿತ್ತಂತೆ. ಗೌರವ ಕಾರ್ಯದರ್ಶಿಯ ಕುರ್ಚಿಯ ಹಿಂದೆ, ಪಂಜರದಲ್ಲಿ, 1920ರವರೆಗೆ ಬದುಕಿತು. ಅತ್ತಿ, ಆಲದ ಹಣ್ಣು ಹುಡುಕುತ್ತ ಕಣಿವೆ ದಾಟಬೇಕಾದ ಹಕ್ಕಿ ಅಷ್ಟು ವರ್ಷ ಕಚೇರಿಯೊಳಗೆ ಕಳೆಯಿತಲ್ಲ ಎಂದು ಸಂಕಟವಾಗುತ್ತದೆ.

ಸೋಂದಾ, ಶಿರಸಿ, ಯಲ್ಲಾಪುರದ ಕಡೆ ಯಾರಾದರೂ ಹಕ್ಕಿಗಳ ಅಂಚೆಚೀಟಿ ಕೂಡಿಹಾಕಲು ಹೊರಟರೆ ಮೊದಲು ಈ ಚೀಟಿಯನ್ನೇ ಹುಡುಕಲಿ ಎನ್ನುತ್ತೇನೆ. ದೇಶವಿದೇಶದ ಬಣ್ಣದ ಹಕ್ಕಿಗಳನ್ನು ಪೊಟ್ಟಣಗಟ್ಟಲೆ ಕೊಂಡು ಪುಸ್ತಕ ತುಂಬಿಸುವುದು ಸುಲಭ. ಚೀಟಿಯ ಹಕ್ಕಿ ಯಾವ ಕಾಡಿನದು, ನಮ್ಮ ಬೆಟ್ಟಕ್ಕೆ ಬರುತ್ತದೆಯೇ ಎಂದು ಕೇಳತೊಡಗಿದ ಮೇಲೆಯೇ ಈ ಹವ್ಯಾಸಕ್ಕೆ ಜೀವ ಬರುವುದು.

ಚೀಟಿಗೆ ಹಕ್ಕಿ ಬಂದದ್ದು ಬಹಳ ಹಿಂದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರ 1845ರಲ್ಲೇ ಪಾರಿವಾಳ ಅಚ್ಚೊತ್ತಿತ್ತು. ಪಶ್ಚಿಮ ಆಸ್ಟ್ರೇಲಿಯಾ 1854ರಲ್ಲಿ ತನ್ನ ಕಪ್ಪು ಹಂಸವನ್ನು ತಂದಿತು. ಭಾರತದ ಚೀಟಿಗಳಲ್ಲಿ ನನಗೆ ಅತಿ ಇಷ್ಟವಾದವು 1975ರ ಏಪ್ರಿಲ್‌ನ ನಾಲ್ಕು. ಅವುಗಳಲ್ಲಿ ಎರಡು ಹಿಮಾಲಯದ ಕೋಳಿಜಾತಿಯ ಹಕ್ಕಿಗಳು, ಟ್ರಾಗೋಪಾನ್ ಮತ್ತು ಮೋನಾಲ್. ಉಳಿದೆರಡನ್ನು ನೋಡಲು ನಾವೆಲ್ಲಿಗೂ ಹೋಗಬೇಕಿಲ್ಲ. ಕರಿತಲೆಯ ಹೊನ್ನಕ್ಕಿ ಅಡಿಕೆ ತೋಟದಂಚಿನ ಮರಗಳಲ್ಲಿ ಕೂಗುತ್ತಲೇ ಇರುತ್ತದೆ. ನವರಂಗ ಚಳಿಗಾಲಕ್ಕೆ ಬಂದು ತರಗೆಲೆ ಕೆದಕುತ್ತ ಓಡಾಡುತ್ತದೆ. 25 ಪೈಸೆಯ ಆ ನವರಂಗವನ್ನು ಮಸೂರದಡಿ ಇಟ್ಟು ನೋಡಿದ ಮಕ್ಕಳು ಸೊಪ್ಪಿನ ಬೆಟ್ಟಕ್ಕೆ ಹೋದಾಗ ನೆಲವನ್ನೂ ನೋಡುತ್ತಾರೆ. 1996ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಜನ್ಮಶತಾಬ್ದಿಗೆ, 2006ರಲ್ಲಿ ಅಳಿವಿನಂಚಿನ ಹಕ್ಕಿಗಳಿಗೆ, 2010ರಲ್ಲಿ ಪಾರಿವಾಳ–ಗುಬ್ಬಚ್ಚಿಗೆ ಚೀಟಿ ಬಂದವು. 1994ರ ನೀರುಹಕ್ಕಿಗಳ ಚೀಟಿಗಳನ್ನು ಮಾತ್ರ ಇಲಾಖೆ ಬೇಗನೆ ಹಿಂದಕ್ಕೆ ಪಡೆಯಿತು. ಹಾಗಾಗಿ ಅವು ದುರ್ಲಭ, ದುಬಾರಿ.

ಚೀಟಿಯಷ್ಟೇ ಅಲ್ಲ, ಅಂಚೆಕಾರ್ಡನ್ನೂ ಕೂಡಿಡಬಹುದು. ಅದರಲ್ಲಿ ಸೋಂದಾಕ್ಕೆ ತನ್ನದೇ ಅನುಕೂಲವಿದೆ. ಇಲ್ಲಿನ ಮುಂಡಿಗೆಕೆರೆಗೆ ಮುಂಗಾರಿನ ಹೊತ್ತಿಗೆ ಬೆಳ್ಳಕ್ಕಿಗಳು ಬಂದು ಮುಂಡಿಗೆಯ ಮುಳ್ಳೆಲೆಗಳ ಮೇಲೆ ಗೂಡು ಕಟ್ಟುತ್ತವೆ, ಮರಿ ಬಲಿತ ಮೇಲೆ ಹೊರಡುತ್ತವೆ. ಸೋಂದಾ ಜಾಗೃತ ವೇದಿಕೆಯವರು ಈ ಕೆರೆಯ ಕಾಳಜಿ ವಹಿಸಿಕೊಂಡವರು. ಕೆರೆಯ ಬೆಳ್ಳಕ್ಕಿಗಳ ಫೋಟೊ ಇರುವ ಕಾರ್ಡಿನ ಮೇಲೆ, ಮೊದಲ ಹಿಂಡು ಇಳಿದ ದಿನವೇ ನಾಲ್ಕು ಸಾಲು ಬರೆದು ಸೋಂದಾ ಅಂಚೆಕಚೇರಿಯಲ್ಲಿ ಟಪಾಲಿಗೆ ಹಾಕಿದರೆ, ಊರು ಮತ್ತು ತಾರೀಕಿನ ಮುದ್ರೆ ಸಮೇತ ಅದೊಂದು ದಾಖಲೆ. ವರ್ಷಕ್ಕೊಂದರಂತೆ ಹೀಗೆ ಕೂಡಿಟ್ಟ ಕಾರ್ಡುಗಳನ್ನು ಸಾಲಾಗಿ ಇಟ್ಟರೆ ಬೆಳ್ಳಕ್ಕಿ ಬೇಗ ಬಂದ ವರ್ಷ ಯಾವುದು, ತಡವಾದದ್ದು ಯಾವುದು ಎಂದು ಗೊತ್ತಾಗುತ್ತದೆ. ಕೊಂಡುತಂದ ಯಾವ ಆಲ್ಬಮ್ಮಿನಲ್ಲೂ ಇದು ಸಿಗದು.

ಮಲೆನಾಡಿನಲ್ಲಿ ಚೀಟಿಯ ದೊಡ್ಡ ವೈರಿ ಜಡಿಮಳೆ. ಥಂಡಿಗೆ ಹಿಂಬದಿಯ ಅಂಟು ಇಳಿದು ಹೊಸ ಚೀಟಿಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಬೂಸಲು ಹಿಡಿಯುತ್ತದೆ. ಚೀಟಿ ಜೋಡಿಸಿಡುವ ಸ್ಟಾಕ್ ಬುಕ್ಕನ್ನು ಮಲಗಿಸದೆ ನಿಲ್ಲಿಸಿಡಬೇಕು. ಡಬ್ಬದಲ್ಲಿ ಸಿಲಿಕಾ ಜೆಲ್ ಇರಲಿ, ಬಿಸಿಲು ಬಿದ್ದ ದಿನ ಪುಟ ತೆರೆದು ನೆರಳಿನಲ್ಲಿ ಗಾಳಿಯಾಡಿಸಬೇಕು. ಅಡಿಕೆಯ ಜೊತೆ ಅಟ್ಟಕ್ಕೇರಿಸುವುದಂತೂ ಬೇಡ, ಹೊಗೆಗೆ ಬಣ್ಣ ಕೆಡುತ್ತದೆ. ಲಕೋಟೆಯ ಮೇಲಿನ ಚೀಟಿಯನ್ನು ಕಿತ್ತೆಳೆಯಬಾರದು. ಕಾಗದ ಸಮೇತ ಕತ್ತರಿಸಿ, ತಣ್ಣೀರಿನಲ್ಲಿ ತೇಲಿಬಿಟ್ಟು, ಅಂಟು ಬಿಟ್ಟ ಮೇಲೆ ಒತ್ತುಕಾಗದದ ನಡುವೆ ಒಣಗಿಸಬೇಕು. ಮುದ್ರೆ ಚೆನ್ನಾಗಿ ಬಿದ್ದಿದ್ದರೆ ಮಾತ್ರ ನೀರಿಗೆ ಹಾಕದೆ ಲಕೋಟೆಯನ್ನು ಇಡಿಯಾಗಿಯೇ ಉಳಿಸಿಕೊಳ್ಳಿ.