ನಿಮಗಿದು ಗೊತ್ತೆ? ಮೂರೂ ಪಡೆಗಳ ಮಹಾದಂಡನಾಯಕ

ಸಂವಿಧಾನದ 53ನೇ ವಿಧಿಯಂತೆ ದೇಶದ ರಕ್ಷಣಾ ಪಡೆಗಳ ಮಹಾದಂಡನಾಯಕತ್ವ ರಾಷ್ಟ್ರಪತಿಯದು. ಆದರೆ ಅದರ ಚಲಾವಣೆ ಕಾನೂನಿಗೆ ಒಳಪಟ್ಟದ್ದು. 74ನೇ ವಿಧಿಯಂತೆ ಮಂತ್ರಿಮಂಡಲದ ಸಲಹೆಗೂ ಬದ್ಧ. ಯುದ್ಧವೋ ಶಾಂತಿಯೋ ಎಂಬ ತೀರ್ಮಾನ ಹೀಗೆ ಚುನಾಯಿತ ಸರ್ಕಾರದ ಕೈಯಲ್ಲೇ ಉಳಿಯುತ್ತದೆ. ಪ್ರಜಾಪ್ರಭುತ್ವಕ್ಕೆ ಇದು ಬಹು ದೊಡ್ಡ ಕಾವಲು. ಕೊಡಗಿನ ಕೆ.ಎಂ. ಕಾರ್ಯಪ್ಪ 1949ರ ಜನವರಿ 15ರಂದು ಭೂಸೇನೆಯ ಮೊದಲ ಭಾರತೀಯ ಕಮಾಂಡರ್-ಇನ್-ಚೀಫ್ ಆದಾಗ ಸಂವಿಧಾನವಿನ್ನೂ ಜಾರಿಗೆ ಬಂದಿರಲಿಲ್ಲ. ಮರುವರ್ಷ ಜನವರಿ 26ರಂದು ರಾಜೇಂದ್ರ ಪ್ರಸಾದ್ ರಾಷ್ಟ್ರಪತಿಯಾದರು; ಪಡೆಗಳ ಪರಮಾಧಿಕಾರ ಆ ಪೀಠಕ್ಕೆ ಸೇರಿತು. 1955ರಲ್ಲಿ ಕಮಾಂಡರ್-ಇನ್-ಚೀಫ್ ಎಂಬ ಪದನಾಮವನ್ನೇ ಕೈಬಿಟ್ಟು ಭೂಸೇನಾ ಮುಖ್ಯಸ್ಥ ಎಂದು ಬದಲಿಸಲಾಯಿತು. ಸೇನಾ ನ್ಯಾಯಾಲಯ ವಿಧಿಸಿದ ಶಿಕ್ಷೆಯನ್ನು 72ನೇ ವಿಧಿಯಡಿ ಕ್ಷಮಿಸುವ ಅಧಿಕಾರವೂ ರಾಷ್ಟ್ರಪತಿಗಿದೆ. ರಾಜ್ಯಪಾಲರಿಗೆ ಸಂವಿಧಾನ ಅದನ್ನು ಕೊಟ್ಟಿಲ್ಲ.