ಎಣಿಕೆಗೆ ಅಂಜಿದ ನಾಡು

ಅರಬ್ ದೇಶವೆಂದೊಡನೆ ನಮ್ಮಲ್ಲಿ ಅನೇಕರ ಕಣ್ಣ ಮುಂದೆ ನಿಲ್ಲುವುದು ಮರಳುಗಾಡು. ಲೆಬನಾನಿನಲ್ಲಿ ಮರಳುಗಾಡೇ ಇಲ್ಲ. ಮೆಡಿಟರೇನಿಯನ್ ಸಮುದ್ರದ ಪೂರ್ವ ತೀರದಲ್ಲಿರುವ ಈ ಪುಟ್ಟ ನಾಡಿನ ಬೆನ್ನಿಗೆ ಚಳಿಗಾಲದಲ್ಲಿ ಹಿಮ ಹೊದೆಯುವ ಪರ್ವತಶ್ರೇಣಿಯಿದೆ. ಅದರ ಇಳಿಜಾರಿನಲ್ಲಿ ಸೇಬು, ದ್ರಾಕ್ಷಿ, ಆಲಿವ್ ತೋಟಗಳಿವೆ. ಕನ್ನಡದ ಓದುಗರಿಗೂ ಪರಿಚಿತನಾದ ಕವಿ ಖಲೀಲ್ ಗಿಬ್ರಾನ್ 1883ರಲ್ಲಿ ಹುಟ್ಟಿದುದು ಈ ಬೆಟ್ಟಗಳ ನಡುವಿನ ಬ್ಷರ್ರಿ ಎಂಬ ಊರಿನಲ್ಲಿ.

ಇಲ್ಲಿನ ದುರ್ಗಮ ಕಣಿವೆಗಳು ಬಹು ಹಿಂದಿನಿಂದಲೂ ಬೇರೆಬೇರೆ ಮತದವರಿಗೆ ಆಶ್ರಯವಿತ್ತಿವೆ. ಸುನ್ನಿ ಮತ್ತು ಶಿಯಾ ಮುಸಲ್ಮಾನರು, ದ್ರೂಜ್ ಪಂಥದವರು, ಮರೋನೈಟ್ ಮೊದಲಾದ ಹಲವು ಶಾಖೆಗಳ ಕ್ರೈಸ್ತರು ಸೇರಿ ಸರ್ಕಾರ ಮಾನ್ಯ ಮಾಡಿರುವ ಪಂಗಡಗಳ ಸಂಖ್ಯೆ 18. ಬಹುಮಟ್ಟಿಗೆ ಇವರೆಲ್ಲರ ಮಾತು ಅರಬ್ಬಿ, ಊಟ ಉಡುಗೆಗಳೂ ಒಂದೇ. ಆದರೆ ಮದುವೆ, ವಿಚ್ಛೇದನಗಳ ವಿಷಯದಲ್ಲಿ ಪ್ರತಿಯೊಂದು ಪಂಗಡಕ್ಕೂ ತನ್ನದೇ ಕಟ್ಟಳೆ. ಬೇರೆ ಮತದವರನ್ನು ವರಿಸಬಯಸುವ ತರುಣ ತರುಣಿಯರು ಅನೇಕ ವೇಳೆ ಸಮುದ್ರ ದಾಟಿ ಸೈಪ್ರಸ್ ದ್ವೀಪಕ್ಕೆ ಹೋಗಿ ಮದುವೆಯಾಗಿ ಬರುತ್ತಾರೆ!

1860ರಲ್ಲಿ ಮರೋನೈಟರಿಗೂ ದ್ರೂಜರಿಗೂ ಘೋರ ಕಲಹ ನಡೆದು ಸಾವಿರಾರು ಜನ ಸತ್ತರು. ಅದರ ನೆನಪು ಸುಲಭವಾಗಿ ಮಾಸಲಿಲ್ಲ. ಮೊದಲನೆಯ ಮಹಾಯುದ್ಧದ ಬಳಿಕ ದೇಶವು ಫ್ರೆಂಚರ ವಶವಾಯಿತು. ಅವರು 1932ರಲ್ಲಿ ನಡೆಸಿದ ಜನಗಣತಿಯಲ್ಲಿ ಕ್ರೈಸ್ತರು ಅರ್ಧಕ್ಕಿಂತ ತುಸು ಹೆಚ್ಚಾಗಿ ಕಂಡುಬಂದರು. 1943ರಲ್ಲಿ ಸ್ವಾತಂತ್ರ್ಯ ಬಂದಾಗ ನಾಯಕರು ಮಾಡಿಕೊಂಡ ಅಲಿಖಿತ ಒಪ್ಪಂದಕ್ಕೆ ಈ ಲೆಕ್ಕವೇ ಆಧಾರ. ಅಧ್ಯಕ್ಷ ಮರೋನೈಟ್, ಪ್ರಧಾನಮಂತ್ರಿ ಸುನ್ನಿ, ಪಾರ್ಲಿಮೆಂಟಿನ ಸಭಾಪತಿ ಶಿಯಾ. ಸದಸ್ಯಸ್ಥಾನಗಳಲ್ಲಿ ಆರು ಕ್ರೈಸ್ತರಿಗೆ ಐದು ಮುಸಲ್ಮಾನರು. ಯಾರೂ ಯಾರನ್ನೂ ತುಳಿಯಬಾರದೆಂಬುದು ಅವರ ಉದ್ದೇಶ. ಅದನ್ನು ಕೆಟ್ಟದೆನ್ನಲಾಗದು.

ತೊಡಕು ಇದ್ದುದು ಬೇರೆಡೆ. ಜನಸಂಖ್ಯೆ ಕಲ್ಲಿನಲ್ಲಿ ಕೆತ್ತಿದ ಅಂಕಿಯಲ್ಲ. ಒಂದು ಪಂಗಡದಲ್ಲಿ ಮಕ್ಕಳು ಹೆಚ್ಚು ಹುಟ್ಟಿದರು. ಇನ್ನೊಂದರಿಂದ ಹೆಚ್ಚು ಜನ ವಲಸೆ ಹೋದರು. ಮತ್ತೆ ಎಣಿಸಿದರೆ ಅಧಿಕಾರದ ಪಾಲನ್ನೂ ಮತ್ತೆ ಹಂಚಬೇಕಾದೀತು. ಆದುದರಿಂದ 1932ರ ಅನಂತರ ಲೆಬನಾನಿನಲ್ಲಿ ಇಂದಿನವರೆಗೂ ಅಧಿಕೃತ ಜನಗಣತಿಯೇ ನಡೆದಿಲ್ಲ. ಈ ನಡುವೆ 1948ರ ಯುದ್ಧದಿಂದ ನಿರಾಶ್ರಿತರಾದ ಪ್ಯಾಲೆಸ್ಟೀನಿಯರು ಒಳಗೆ ಬಂದರು. ಅವರಲ್ಲಿ ಬಹುಪಾಲು ಸುನ್ನಿಗಳು. ಹಸಿದು ಬಂದವರನ್ನು ಕಂಡಾಗಲೂ ಕೆಲವರಿಗೆ ಮೊದಲು ತೋರಿದುದು ತಲೆಗಳ ಲೆಕ್ಕ. ಮುಂದೆ ಅವರ ಸಶಸ್ತ್ರ ಪಡೆಗಳು ಬೆಳೆದಾಗ ಭಯ ಇಮ್ಮಡಿಸಿತು.

1975ರ ಏಪ್ರಿಲ್ 13ರ ಬೆಳಿಗ್ಗೆ ಬೈರೂತ್ ನಗರದ ಅಂಚಿನ ಒಂದು ಚರ್ಚಿನ ಮುಂದೆ ಗುಂಡು ಹಾರಿತು. ಅದೇ ದಿನ ಪ್ಯಾಲೆಸ್ಟೀನಿಯರಿದ್ದ ಬಸ್ಸೊಂದರ ಮೇಲೆ ಗುಂಡಿನ ಮಳೆ ಸುರಿಯಿತು. ಹೀಗೆ ಹೊತ್ತಿದ ಬೆಂಕಿ 15 ವರ್ಷ ಉರಿಯಿತು. ನಗರವು ಪೂರ್ವ, ಪಶ್ಚಿಮಗಳೆಂದು ಎರಡು ಹೋಳಾಯಿತು. ನಡುವಣ ಬೀದಿಗಳಲ್ಲಿ ಜನಸಂಚಾರ ನಿಂತು ಗಿಡಗಂಟಿಗಳು ಬೆಳೆದವು. ಅದನ್ನು 'ಹಸುರು ಗೆರೆ' ಎಂದು ಕರೆದರು. ಆಗ ಗುರುತಿನ ಚೀಟಿಯಲ್ಲಿ ಪಂಗಡದ ಹೆಸರಿರುತ್ತಿತ್ತು. ಬಂದೂಕುಧಾರಿಗಳು ದಾರಿಯಲ್ಲಿ ವಾಹನಗಳನ್ನು ತಡೆದು, ಚೀಟಿ ನೋಡಿ, ಆ ಒಂದು ಪದಕ್ಕಾಗಿ ಮನುಷ್ಯರನ್ನು ಕೊಂದರು. ಇದು ಕೇವಲ ಎರಡು ಮತಗಳ ಯುದ್ಧವಾಗಿತ್ತೆಂದು ಭಾವಿಸುವುದು ತಪ್ಪು. ಸಿರಿಯಾ, ಇಸ್ರೇಲ್‌ಗಳ ಸೈನ್ಯಗಳು ಒಳನುಗ್ಗಿದವು. ಕೊನೆಕೊನೆಗೆ ಶಿಯಾಗಳು ಶಿಯಾಗಳೊಡನೆ, ಕ್ರೈಸ್ತರು ಕ್ರೈಸ್ತರೊಡನೆಯೇ ಕಾದಾಡಿದರು. ಸತ್ತವರು ಒಂದು ಲಕ್ಷಕ್ಕೂ ಹೆಚ್ಚು.

1989ರಲ್ಲಿ ಸೌದಿ ಅರೇಬಿಯಾದ ತಾಯಿಫ್ ನಗರದಲ್ಲಿ ಆದ ಒಪ್ಪಂದವು ಮರುವರ್ಷ ಯುದ್ಧದ ಅಂತ್ಯಕ್ಕೆ ದಾರಿ ಮಾಡಿತು. ಕ್ರೈಸ್ತರಿಗೂ ಮುಸಲ್ಮಾನರಿಗೂ ಸಮಸಂಖ್ಯೆಯ ಸ್ಥಾನಗಳು ದೊರೆತವು. ಪಂಗಡಗಳ ಪದ್ಧತಿಯನ್ನು ಕ್ರಮೇಣ ತೊಡೆದುಹಾಕಬೇಕೆಂದೂ ಅದರಲ್ಲಿ ಬರೆಯಲಾಗಿತ್ತು; ಆ ಮಾತು ಕಾಗದದಲ್ಲೇ ಉಳಿದಿದೆ. 2019ರ ಅಕ್ಟೋಬರಿನಲ್ಲಿ ಎಲ್ಲ ಪಂಗಡಗಳ ಜನರೂ ಬೀದಿಗಿಳಿದು, ಈ ಪದ್ಧತಿಯ ನೆರಳಿನಲ್ಲಿ ಕೊಬ್ಬಿದ ನಾಯಕರೆಲ್ಲರನ್ನೂ ಧಿಕ್ಕರಿಸಿದರು.

ಸರ್ಕಾರಿ ದಾಖಲೆಯಿಂದ ಪಂಗಡದ ಹೆಸರನ್ನು ಅಳಿಸಿಕೊಳ್ಳಲು 2009ರಿಂದ ಅಲ್ಲಿನ ಪೌರರಿಗೆ ಅನುಮತಿಯಿದೆ. ಕೆಲವರು ಅಳಿಸಿಕೊಂಡೂ ಇದ್ದಾರೆ. ಆದರೆ ಪಾರ್ಲಿಮೆಂಟಿನ 128 ಸ್ಥಾನಗಳೂ ಒಂದಲ್ಲ ಒಂದು ಪಂಗಡಕ್ಕೆ ಮೀಸಲು. ಪಂಗಡವನ್ನು ಅಳಿಸಿಕೊಂಡವನು ಅವುಗಳಲ್ಲಿ ಯಾವ ಸ್ಥಾನಕ್ಕೆ ಸ್ಪರ್ಧಿಸಬೇಕು?